ಎಡಗಡೆಯ ಸುಣ್ಣ

ಆಗ ನನಗೆ ಗಣಿ ಕಂಪನಿಯಲ್ಲಿ ಮೈದಾನ ನೋಡಿಕೊಳ್ಳುವ ಕೆಲಸ.
ಶನಿವಾರ ಬೆಳಿಗ್ಗೆ ಸುಣ್ಣ ಕದಡಿ, ಗೂಟಕ್ಕೆ ದಾರ ಕಟ್ಟಿ,
ತೂತು ಬಿದ್ದ ಡಬ್ಬ ಹಿಡಿದು
ಹಿಂದೆ ಹಿಂದೆ ನಡೆಯುತ್ತ ಗೆರೆ ಎಳೆಯುವುದು.
ಮುಂದೆ ನೋಡಿಕೊಂಡು ಎಳೆದರೆ ಸೊಟ್ಟ ಬರುತ್ತದೆ.
ಕಸುಬಿನಲ್ಲಿ ನಾನು ಕಲಿತದ್ದು ಇದೊಂದೇ.

ಸವರಿಮುತ್ತು, ಹನ್ನೊಂದನೇ ನಂಬರು, ಎಡಗಡೆ.
ನಮ್ಮ ಬಾಯಲ್ಲಿ ಸವರಿ.
ಆಂಡರ್ಸನ್‌ಪೇಟೆಯ ಲೈನ್‌ಮನೆ, ತಟ್ಟಿಯ ಗೋಡೆ.
ಅವರಪ್ಪ ಡ್ರಿಲ್ಲು ಹಿಡಿದು ಎರಡು ಮೈಲಿ ನೆಟ್ಟಗೆ ಕೆಳಕ್ಕೆ,
ಮಗ ನೂರು ಗಜ ಅಡ್ಡಕ್ಕೆ.
ಸಂಜೆಗೆ ಇಬ್ಬರದೂ ಒಂದೇ ಬಣ್ಣ,
ಸೈನೈಡು ದಿಬ್ಬದ ಮೇಲಿಂದ ಗಾಳಿ ತರುವ ಬೂದಿಬಿಳಿ.

ಮೈದಾನದಲ್ಲಿ ಹುಲ್ಲಿರಲಿಲ್ಲ. ಬಿದ್ದರೆ ಮಂಡಿ ಕಿತ್ತು ಬರುತ್ತಿತ್ತು.
ಅವನು ಬೀಳುತ್ತಿರಲಿಲ್ಲ.
ಒಲೆ ಮೇಲಿನ ಹಾಲು ಉಕ್ಕಿ
ಇನ್ನೇನು ಚೆಲ್ಲಬೇಕು ಅನ್ನುವಷ್ಟರಲ್ಲಿ ನಿಲ್ಲುವ ಹಾಗೆ
ಚೆಂಡು ಗೆರೆಯ ತುಟಿಗೆ ಬಂದು ನಿಲ್ಲುತ್ತಿತ್ತು.

ಆಟ ಮುಗಿಯಲು ಹತ್ತು ನಿಮಿಷ ಇರುವಾಗ ಸೈರನ್ನು.
ಕೇಜು ಮೇಲೆ ಬರುತ್ತಿತ್ತು.
ಷಿಫ್ಟು ಮುಗಿಸಿದವರು ಮನೆಗೆ ಹೋಗದೆ,
ದೀಪ ಒಪ್ಪಿಸದೆ, ಬೈಸಿಕೊಳ್ಳಲು ತಯಾರಾಗಿ
ನನ್ನ ಗೆರೆಯುದ್ದಕ್ಕೂ ಬಂದು ನಿಲ್ಲುತ್ತಿದ್ದರು.
ಕತ್ತಲಾಗುವ ಮೈದಾನದಲ್ಲಿ ಎಡಗಡೆ ಮಾತ್ರ ಬೆಳಕು.
ಬಲಗಡೆ ಆಡುತ್ತಿದ್ದವನು ಯಾರೋ, ನನಗೆ ಹೆಸರೇ ನೆನಪಿಲ್ಲ.

ಹೇಳಬೇಕಾದ್ದು ಬೇರೆ.
ಆ ಹುಡುಗನಿಗಾಗಿ ನಾನು ಎಡಗಡೆಯ ಗೆರೆಯನ್ನು
ಒಂದಡಿ ಆಚೆಗೆ ಎಳೆಯುತ್ತಿದ್ದೆ.
ಗೂಟ ಒಂದಡಿ ಸರಿಸಿದರೆ ಯಾರಿಗೆ ಗೊತ್ತಾಗುತ್ತದೆ?
ರೆಫರಿ ನೋಡುವುದು ಕಾಲು, ಜನ ನೋಡುವುದು ಚೆಂಡು.
ಆರು ವರ್ಷ. ಪ್ರತಿ ಶನಿವಾರ.
ನನ್ನ ಮಕ್ಕಳಿಗೂ ನಾನು ಅಷ್ಟು ಜಾಗ ಮಾಡಿಕೊಟ್ಟವನಲ್ಲ.

ಆಮೇಲೆ ಅವನು ದೇಶಕ್ಕೆ ಆಡಿದ.
ನೀಲಿ ಅಂಗಿ, ವಿಮಾನ, ನಾಲಿಗೆ ಹೊರಳದ ಊರುಗಳು.
ಹದಿನೇಳು ಪಂದ್ಯ, ಎರಡು ಗೋಲು.
ಅವನು ಕಳಿಸಿದ್ದಕ್ಕೆ ತಲೆ ಕೊಟ್ಟು ಬೇರೆಯವರು ಹೊಡೆದದ್ದನ್ನು
ಯಾರೂ ಅವನ ಲೆಕ್ಕಕ್ಕೆ ಬರೆದಿಡಲಿಲ್ಲ.
ರೇಡಿಯೊದವನು ಸವಾರಿ, ಸವಾರಿ ಅನ್ನುತ್ತಿದ್ದ.
ಟೀ ಅಂಗಡಿಯ ಬೆಂಚಿನ ಮೇಲೆ ನಾವು
ಕುದುರೆ ಏರಿದವರ ಹಾಗೆ ಕೂತಿರುತ್ತಿದ್ದೆವು.

ಆ ಸೆಮಿಫೈನಲ್ಲು.
ಎಡಗಡೆ ಅವನೊಬ್ಬನೇ, ಎದುರಿಗೆ ಬಯಲು.
ರೇಡಿಯೊ ಕಿರುಚಿತು, ಆಮೇಲೆ ಉಸಿರು ಬಿಟ್ಟಿತು:
ಚೆಂಡು ಗೆರೆ ದಾಟಿದೆ.
ಹೆಚ್ಚೆಂದರೆ ಒಂದಡಿ, ಅಂದ.
ಗ್ಲಾಸು ಕೆಳಗಿಟ್ಟು ಎದ್ದು ಬಂದೆ.

ಮಂಡಿ ಹೋಯಿತು. ಮೂವತ್ತಕ್ಕೇ ಬಿಟ್ಟ.
ಹಾರವಿಲ್ಲ, ಭಾಷಣವಿಲ್ಲ,
ಒಂದು ಪಟ್ಟಿಯಲ್ಲಿ ಹೆಸರಿರಲಿಲ್ಲ ಅಷ್ಟೆ.
ಟೆಲಿಫೋನ್ ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತನಾಗಿ
ಮಾರಿಕುಪ್ಪಂ ರೈಲಿನಲ್ಲಿ ಇಪ್ಪತ್ತೆಂಟು ವರ್ಷ ಹೋಗಿ ಬಂದ,
ಯಾವಾಗಲೂ ಎಡಗಡೆ ಕಿಟಕಿ.
ಅಷ್ಟರಲ್ಲಿ ಗಣಿಯೂ ಮುಚ್ಚಿತು.
ಸೈರನ್ನಿಲ್ಲದೆ ಊರಿಗೆ ಹೊತ್ತು ತಿಳಿಯದಾಯಿತು.

ಹೋದ ವಾರ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಸಿಕ್ಕ.
ಈಗಲೂ ಬೀದಿಯ ಎಡ ಅಂಚಿಗೇ ನಡೆಯುತ್ತಾನೆ,
ಚರಂಡಿ ಕಲ್ಲಿನ ಮೇಲೆ, ಕುಂಟುತ್ತ.
ತಡೆಯಲಾರದೆ ಹೇಳಿಬಿಟ್ಟೆ.
ಗೂಟ, ದಾರ, ಒಂದಡಿ, ಆ ಚೆಂಡು.

ಕೈಚೀಲ ಈ ಕೈಯಿಂದ ಆ ಕೈಗೆ ಬದಲಾಯಿಸಿದ.
"ಗೊತ್ತಿತ್ತು ಪಿಳ್ಳಪ್ಪಣ್ಣ," ಅಂದ,
"ಮೊದಲ್ನೇ ದಿನಾನೇ ಹೆಜ್ಜೆ ಹಾಕಿ ಎಣಿಸಿದ್ದೆ.
ಆದ್ರೆ ನೀ ಕೊಟ್ಟ ಒಂದಡೀಲಿ ನಾನು ಯಾವತ್ತು ಆಡಿದೆ?
ಷಿಫ್ಟು ಬಿಟ್ಟು ಬಂದೋರು ಅದರ ಮೇಲೇ ನಿಂತಿರೋರಲ್ಲ,
ಬೂಟು ಹಾಕ್ಕೊಂಡು. ನಮ್ಮಪ್ಪನೂ."

ಮತ್ತೆ ಆ ಸೆಮಿಫೈನಲ್ಲು, ಕೇಳಿದೆ.

"ಅಲ್ಲಿ ಗೆರೆ ಮೇಲೆ ಯಾರೂ ಇರಲಿಲ್ಲ ಕಣಣ್ಣ."

ಚೀಲದಿಂದ ಎಲೆ ತೆಗೆದ. ಸುಣ್ಣ ಐತಾ, ಅಂದ.
ನನ್ನ ಡಬ್ಬಿ ಮುಂದೆ ಹಿಡಿದೆ.
ಬೆರಳ ತುದಿಗೆ ತಗೊಂಡು, ಎಲೆಯ ಬೆನ್ನಿಗೆ,
ಅಂಚಿನಿಂದ ಸ್ವಲ್ಪ ಒಳಗೇ ಸವರಿ
ಮಿಕ್ಕಿದ್ದನ್ನು ಲೈಟು ಕಂಬಕ್ಕೆ ಒರೆಸಿದ.